ಕುರ್ಚಿಗೂ ಒಂದು ಹೊಟ್ಟೆ

ನಾನು ವಿಮಾನ ಹತ್ತಿದವಳಲ್ಲ. ಆದರೆ ವಿಮಾನ ಹತ್ತುವವರು, ಅದರಲ್ಲೂ ಮೊದಲ ದರ್ಜೆಯವರು ಕೂಡುವ ಕುರ್ಚಿಯನ್ನು ಬಿಚ್ಚಿ ನೋಡಿದವಳು. ಒಳಗೇನಿತ್ತು ಅಂತ ಎಲ್ಲರೂ ಕೇಳುತ್ತಾರೆ. ಎಲ್ಲರ ಕುರ್ಚಿಯಲ್ಲಿರುವುದೇ ಇತ್ತು. ಸ್ಪಂಜು, ಪಟ್ಟಿ, ಮೊಳೆ, ಸಂದಿಯಲ್ಲಿ ಒಂದು ಹೇರ್‌ಪಿನ್ನು, ನಾಲ್ಕು ಗೋಡಂಬಿ. ನಮ್ಮ ಸಿಂಧನೂರಿನ ಆಟೋ ಸೀಟಿನ ಸಂದಿಯಲ್ಲಿ ಶೇಂಗಾ ಸಿಗುತ್ತದೆ, ಅಲ್ಲಿ ಗೋಡಂಬಿ. ವ್ಯತ್ಯಾಸ ಅಷ್ಟೇ.

ಸಿಂಧನೂರಿನಲ್ಲಿ ನಮ್ಮದೊಂದು ಕುಶನ್ ಅಂಗಡಿ. ಬಿಚ್ಚುವುದು, ಸ್ಪಂಜು ಕೊಯ್ಯುವುದು, ಮೊಳೆ ಹೊಡೆಯುವುದು ನಮ್ಮ ಮನೆಯವರ ಕೆಲಸ. ಹೊಲಿಗೆ ಮತ್ತು ಗಿರಾಕಿಗಳ ಜೊತೆ ಜಗಳ ನನ್ನ ಕೆಲಸ. ಅವರು ಬೆಣ್ಣೆಯಂಥ ಮನುಷ್ಯ. ಗಿರಾಕಿ ತಪ್ಪು ಹೇಳಿದರೂ ‘ಹೌದ್ರಿ’ ಅನ್ನುತ್ತಾರೆ, ಬೈದರೂ ‘ಹೌದ್ರಿ’ ಅನ್ನುತ್ತಾರೆ. ಪಕ್ಕದಲ್ಲಿ ನಾನು ಹೀಗಿರದಿದ್ದರೆ ಅಂಗಡಿ ಎಂದೋ ಗುಡಿಸಿ ಗುಂಡಾಂತರ ಆಗಿರುತ್ತಿತ್ತು. ಗದ್ದೆ ಕೆಲಸ ಶುರುವಾಗುವ ಮುಂಚೆ ಟ್ರ್ಯಾಕ್ಟರ್ ಸೀಟುಗಳು ಬರುತ್ತವೆ, ಉಳಿದ ದಿನ ಬೈಕು, ಆಟೋ. ಮೊದಲು ಮದುವೆ ಕಾಲಕ್ಕೆ ಸೋಫಾಗಳೂ ಬರುತ್ತಿದ್ದವು. ಈಗೀಗ ಸೋಫಾದ ಬಟ್ಟೆ ಹರಿದರೆ ಜನ ಬಟ್ಟೆ ಬದಲಿಸುವುದಿಲ್ಲ, ಸೋಫಾನೇ ಬದಲಿಸುತ್ತಾರೆ. ಶೋರೂಮಿನವರು ಹೊಸದನ್ನು ಮನೆಗೆ ತಂದಿಟ್ಟು ಹಳೆಯದನ್ನು ಹೊತ್ತುಕೊಂಡು ಹೋಗುತ್ತಾರೆ.

ಲಿಂಗಸುಗೂರಿನಲ್ಲಿ ನನ್ನ ಭಾವ ಇದ್ದಾರೆ, ಮನೆಯವರ ಅಣ್ಣ. ಸರಕಾರಿ ನೌಕರಿ, ಮಹಡಿ ಮನೆ, ಎಲ್ಲದಕ್ಕೂ ಒಂದು ಸಲಹೆ. ಅವರು ತಮ್ಮನಿಗೆ ಅಲ್ಲಿಯ ಒಂದು ಫರ್ನಿಚರ್ ಶೋರೂಮಿನಲ್ಲಿ ಕೆಲಸ ನೋಡಿದ್ದರು. ಕೆಲಸ ಅಂದರೆ ಬಾಗಿಲಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಬಂದವರಿಗೆ ಗಾಜಿನ ಬಾಗಿಲು ತೆರೆಯುವುದು. ಮೇಲಿನ ಕೋಣೆ ಖಾಲಿ ಇದೆ, ಹೊಲಿಗೆ ಮಷೀನು ಮಾರಿ ಬಂದುಬಿಡಿ ಅಂತ ಅವರ ಮಾತು. ಮದುವೆಯಾಗಿ ಬಂದಾಗಿನಿಂದ ನಾನು ತುಳಿದ ಮಷೀನು ಅದು. ನನಗೆ ಸಿಟ್ಟು ಬಂದದ್ದು ಭಾವನ ಮೇಲೆ ಅಲ್ಲ, ಸಲಹೆ ಕೊಡುವವರು ಕೊಡುತ್ತಾರೆ. ನಮ್ಮ ಮನೆಯವರು ಅದಕ್ಕೂ ‘ಹೌದ್ರಿ’ ಅಂದು ಬಂದಿದ್ದರು. ಮಸ್ಕಿಯಲ್ಲಿರುವ ಅತ್ತೆಗೆ ಮಾತ್ರ ಇದನ್ನು ತಿಳಿಸಬಾರದು ಅಂತ ಅಣ್ಣತಮ್ಮಂದಿರು ಮಾತಾಡಿಕೊಂಡಿದ್ದರು. ಆಕೆ ಅಳಲು ಕೂತರೆ ಇಡೀ ಮಸ್ಕಿಗೆ ಸುದ್ದಿಯಾಗುತ್ತದೆ ಅನ್ನುವುದು ಅವರ ಅಂಜಿಕೆ.

ಆ ಹೊತ್ತಿನಲ್ಲಿ ಬಂದದ್ದು ಈ ಕೆಲಸ. ಜವಳಗೇರಾದ ಒಬ್ಬರು, ಹಿಂದೆ ನಮ್ಮಲ್ಲಿ ಟ್ರ್ಯಾಕ್ಟರ್ ಸೀಟು ಮಾಡಿಸುತ್ತಿದ್ದವರು, ದೊಡ್ಡ ಊರಿಗೆ ಹೋಗಿ ಗುತ್ತಿಗೆದಾರರಾಗಿದ್ದರು. ಅವರಿಗೆ ವಿಮಾನ ನಿಲ್ದಾಣದ ಲೌಂಜಿನ ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವ ಗುತ್ತಿಗೆ ಸಿಕ್ಕಿತ್ತು. ಲೌಂಜು ಅಂದರೆ ಮೊದಲ ದರ್ಜೆಯವರು ವಿಮಾನ ಬರುವ ತನಕ ಕೂತು ಉಣ್ಣುವ ಪಡಸಾಲೆ. ಯಾವ ಊರಿನ ನಿಲ್ದಾಣ ಅಂತ ಹೇಳುವುದಿಲ್ಲ. ಹೇಳಿದರೆ ಅವರಿಗೂ ಕಷ್ಟ, ನಮಗೂ ನಷ್ಟ. ಮೊದಲು ಎರಡು ಕುರ್ಚಿ ಮಾದರಿಗೆ ಮಾಡಿ ಕೊಡಿ, ಲೌಂಜು ನೋಡಿಕೊಳ್ಳುವ ಮೇಡಮ್ ಒಪ್ಪಿದರೆ ಉಳಿದದ್ದೆಲ್ಲ ನಿಮ್ಮ ಅಂಗಡಿಗೇ ಅಂದರು. ಆ ರಾತ್ರಿ ಊಟಕ್ಕೆ ಕೂತಾಗ ಮನೆಯವರು ನನ್ನ ಮುಖ ನೋಡದೆ ಹೇಳಿದರು. “ಇದು ಆದ್ರ ಅಂಗಡಿ. ಆಗಲಿಲ್ಲಂದ್ರ ಲಿಂಗಸೂರು.”

ಅಕ್ಕಿ ಇಳಿಸಿ ವಾಪಸು ಬರುತ್ತಿದ್ದ ಲಾರಿಯಲ್ಲಿ ಕುರ್ಚಿಗಳು ಬಂದವು. ಓಣಿಯೇ ಸೇರಿತು. ಬಿಚ್ಚುವ ಮೊದಲು ಒಂದು ಸಲ ಕೂಡುತ್ತೇವೆ ಅಂತ ಎಲ್ಲರದೂ ಬೇಡಿಕೆ. ಎದುರಿನ ಚಹಾ ಅಂಗಡಿಯವನು ಕಾಲ ಮೇಲೆ ಕಾಲು ಹಾಕಿ ಕೂತು, ತನ್ನ ಅಂಗಡಿಯಿಂದ ತನಗೇ ಒಂದು ಚಹಾ ಹೇಳಿ, ತರಲು ಯಾರೂ ಇಲ್ಲದ್ದಕ್ಕೆ ತಾನೇ ಎದ್ದು ಹೋದ. ಪಾನ್ ಅಂಗಡಿಯ ಮುದುಕ ಕಣ್ಣು ಮುಚ್ಚಿ ಕೂತು, ವಿಮಾನ ಎಷ್ಟೊತ್ತಿಗೆ ಅಂತ ಕೇಳಿದ. ನಾನು ಕತ್ತರಿ ಹಿಡಿದು ನಿಂತ ಮೇಲೆ ಎಲ್ಲರೂ ಎದ್ದರು.

ಮೈಮುರಿದು ದುಡಿದೆವು. ಮನೆಯವರು ಸ್ಪಂಜನ್ನು ಅಳೆದದ್ದೇ ಅಳೆದದ್ದು. ನಾನು ಒಂದೇ ಅಂಚನ್ನು ಬಿಚ್ಚಿ ಬಿಚ್ಚಿ ಹೊಲಿದೆ. ಅಷ್ಟರಲ್ಲಿ ಮಸ್ಕಿಯಿಂದ ಅತ್ತೆ ಬಂದರು. ನಮ್ಮತ್ತೆಯದು ಕೌದಿ ಹೊಲಿಯುವುದರಲ್ಲಿ ದೊಡ್ಡ ಹೆಸರು. ಹಳೆಯ ಸೀರೆ ಧೋತರಗಳ ತುಂಡು ಜೋಡಿಸಿ ಆಕೆ ಹೊಲಿದ ಕೌದಿಗಳು ಮಸ್ಕಿ ಸುತ್ತಮುತ್ತ ಬಾಣಂತಿಯರ ಮನೆಗಳಲ್ಲೆಲ್ಲ ಇವೆ. ಸ್ಪಂಜು ಕಂಡರೆ ಆಕೆಗೆ ಆಗದು. ಒತ್ತಿ ನೋಡಿ, ಇದರಾಗ ಏನೂ ಇಲ್ಲ, ಬರೇ ಗಾಳಿ ಅಂದರು. ನಾನು ಸುಮ್ಮನಿರಬೇಕಿತ್ತು. ವಿಮಾನ ಹಾರುವುದೂ ಗಾಳಿಯಲ್ಲೇ ಅಂದೆ. ಆಕೆ ಮುಖ ತಿರುಗಿಸಿ ಅಡಿಕೆ ಕತ್ತರಿಸುತ್ತ ಕೂತರು.

ಸಂಜೆ ನಾನು ಸಂತೆಗೆ ಹೋಗಿ ಬರುವಷ್ಟರಲ್ಲಿ ಆಕೆ ಎರಡೂ ಕುರ್ಚಿಗಳ ಅಡಿಯ ಬಟ್ಟೆಯನ್ನು ಕೈಸೂಜಿಯಲ್ಲಿ ಹೊಲಿದು ಮುಚ್ಚಿದ್ದರು. ಇರುವೆ ಸಾಲಿನಂಥ ಸಣ್ಣ ಹೊಲಿಗೆ, ಎಲ್ಲೂ ವಾರೆ ಇಲ್ಲ. ಜಗಳಕ್ಕೆ ಇದು ರಾಜಿ ಅಂತ ನಾನು ತಿಳಿದೆ. ಒಳ್ಳೆಯ ಚಹಾ ಮಾಡಿಕೊಟ್ಟೆ. ಮಾರನೆಯ ದಿನ ಕುರ್ಚಿಗಳು ಲಾರಿ ಹತ್ತಿದವು.

ಮೊದಲ ಫೋನಿನಲ್ಲಿ ಗುತ್ತಿಗೆದಾರರು ಹೊಗಳಿದರು. ಮೇಡಮ್ ಕೂತು ನೋಡಿದರಂತೆ, ಕೈಯಾಡಿಸಿ ನೋಡಿದರಂತೆ, ಬಹಳ ಚೆನ್ನಾಗಿದೆ ಅಂದರಂತೆ. ಮನೆಯವರು ಆ ದಿನ ಭಾವನಿಗೆ ಫೋನ್ ಮಾಡಿ ಮೊದಲ ಸಲ ‘ನೋಡ್ತೀನಿ’ ಅಂದರು. ವಾರ ಕಳೆಯುವ ಮುಂಚೆ ಎರಡನೆಯ ಫೋನು ಬಂತು. ಲೌಂಜಿನಲ್ಲಿ ಇರುವೆ ಬಂದಿವೆ. ಅಲ್ಲಿ ಕೇಕು, ಹಣ್ಣು, ಮಿಠಾಯಿ ಹರವಿದ ಮೇಜು ಇದೆಯಲ್ಲ, ಅದನ್ನು ಕಣ್ಣೆತ್ತಿಯೂ ನೋಡದೆ ಸಾಲುಗಟ್ಟಿ ನಮ್ಮ ಎರಡು ಕುರ್ಚಿಗಳಿಗೇ ಹೋಗುತ್ತಿವೆ. ಒಬ್ಬ ದೊಡ್ಡ ಮನುಷ್ಯರಿಗೆ ಎಲ್ಲಿ ಕಚ್ಚಬಾರದೋ ಅಲ್ಲಿ ಕಚ್ಚಿ, ಅವರು ಎದ್ದು ಜಿಗಿದು, ಕಾಫಿಯೆಲ್ಲ ಕೋಟಿನ ಮೇಲೆ. ಕುರ್ಚಿಗಳನ್ನು ಉಗ್ರಾಣದ ಕೋಣೆಗೆ ಹಾಕಿದ್ದಾರೆ, ಮಾಡಿದವರೇ ಬಂದು ಬಿಚ್ಚಿ ತೋರಿಸಬೇಕಂತೆ ಅಂದರು. ಸಿಂಧನೂರಿನ ಇರುವೆ ಟಿಕೀಟಿಲ್ಲದೆ ಅಲ್ಲಿವರೆಗೆ ಹ್ಯಾಂಗ ಹೋದವು ಅಂತ ಅವರೇ ಕೇಳಿದರು.

ಹೊರಡುವಾಗ ಅತ್ತೆ ನಾನೂ ಬರುತ್ತೇನೆ ಅಂದರು. ಕುರ್ಚಿ ಹೋದ ಜಾಗವನ್ನು ಮಗಳನ್ನು ಕೊಟ್ಟ ಮನೆಯ ಹಾಗೆ ನೋಡಿ ಬರಬೇಡವೇ ಅನ್ನುವ ಧಾಟಿ. ಬೇಡ ಅಂದರೆ ಕಾರಣ ಹೇಳಬೇಕಾಗುತ್ತಿತ್ತು, ಕೆಲಸ ಕೈತಪ್ಪುವ ಹಾಗಿದೆ ಅಂತ ಹೇಳಿದರೆ ಲಿಂಗಸುಗೂರಿನ ವಿಷಯ ಬಾಯಿಬಿಡಬೇಕಾಗುತ್ತಿತ್ತು. ಮೂವರೂ ಬಸ್ಸು ಹತ್ತಿದೆವು.

ನಿಲ್ದಾಣದಲ್ಲಿ ಗುತ್ತಿಗೆದಾರರು ಪಾಸು ಮಾಡಿಸಿ ಇಟ್ಟಿದ್ದರು. ತಪಾಸಣೆಯಲ್ಲಿ ಅತ್ತೆಯ ಸೊಂಟದ ಚೀಲದಿಂದ ಅಡಿಕೆ ಕತ್ತರಿಸುವ ಅಡಕೊತ್ತು ಹೊರಬಂತು. ಪೊಲೀಸಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಇದೇನು ಅಂತ ಕೇಳಿದಳು. ಅತ್ತೆಗೆ ಆಕೆಯ ಮೇಲೆ ಕನಿಕರ ಬಂತು. ಅಡಕೊತ್ತು ಗೊತ್ತಿಲ್ಲದ ಹುಡುಗಿಯನ್ನು ಯಾರು ಲಗ್ನ ಮಾಡಿಕೊಂಡಾರು ಅಂತ ನನ್ನ ಕಿವಿಯಲ್ಲಿ ಕೇಳಿದರು. ಬರುವಾಗ ಮರಳಿ ಕೊಡುತ್ತೇವೆ ಅಂತ ಚೀಟಿ ಕೊಟ್ಟರು. ಅತ್ತೆ ಚೀಟಿಯನ್ನು ಅಡಿಕೆಯ ಜೊತೆಗೇ ಇಟ್ಟುಕೊಂಡರು.

ಲೌಂಜು ತಣ್ಣಗಿತ್ತು. ಜನ ಪಿಸುಮಾತಿನಲ್ಲಿ ಉಣ್ಣುತ್ತಿದ್ದರು. ಉದ್ದಾನುದ್ದ ಮೇಜಿನ ಮೇಲೆ ಹೆಸರು ಗೊತ್ತಿಲ್ಲದ ತಿಂಡಿಗಳು. ಅತ್ತೆ ನಡೆಯುತ್ತ ಪ್ರತಿ ಕುರ್ಚಿಯ ಬೆನ್ನು ತಟ್ಟುತ್ತ ಬಂದರು. ಉಗ್ರಾಣದಲ್ಲಿ ಮೇಡಮ್ ಕಾಯುತ್ತಿದ್ದರು. ಚಿಕ್ಕ ವಯಸ್ಸು, ಕಪ್ಪು ಕೋಟು, ಎತ್ತರದ ಚಪ್ಪಲಿ, ಬೆಂಗಳೂರು ಕಡೆಯ ಮೆತ್ತನೆಯ ಕನ್ನಡ. ಬೈಯಲಿಲ್ಲ. ಬೈದಿದ್ದರೆ ನನಗೆ ಅನುಕೂಲವಿತ್ತು, ತಿರುಗಿ ಬೈಯಬಹುದಿತ್ತು. ಬಿಚ್ಚಿ ತೋರಿಸಿ ಅಂದರು ಅಷ್ಟೇ.

ನಾನು ಕುರ್ಚಿ ಬೋರಲು ಹಾಕಿ ಅತ್ತೆಯ ಹೊಲಿಗೆ ಬಿಚ್ಚಿದೆ. ಬಟ್ಟೆ ಮತ್ತು ಪಟ್ಟಿಯ ನಡುವೆ ಒಂದು ಪುಟ್ಟ ಅರಿವೆಯ ಗಂಟು. ಗಂಟಿನ ತುಂಬ ಇರುವೆ. ಒಳಗೆ ಜೋಳದ ರೊಟ್ಟಿಯ ಚೂರು, ಬೆಲ್ಲದ ಹರಳು.

ಆ ಕ್ಷಣ ನನಗೆ ಎಲ್ಲ ತಿಳಿಯಿತು. ನಮ್ಮ ಕಡೆ ಕೌದಿಯ ಕೊನೆಯ ತುಂಡು ಮುಚ್ಚುವ ಮೊದಲು ಒಳಗೆ ಚೂರು ರೊಟ್ಟಿ, ಚೂರು ಬೆಲ್ಲ ಇಟ್ಟು ಹೊಲಿಯುತ್ತಾರೆ. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ ಅಂತ. ಕೌದಿಯನ್ನಾದರೆ ಒಗೆಯುತ್ತಾರೆ, ಬಿಸಿಲಿಗೆ ಹಾಕುತ್ತಾರೆ, ಬೆಲ್ಲ ಹಳ್ಳದ ನೀರಿಗೆ ಹೋಗುತ್ತದೆ. ಮೊದಲ ದರ್ಜೆಯ ಕುರ್ಚಿಯನ್ನು ಯಾವ ಹಳ್ಳಕ್ಕೆ ಒಯ್ದು ಒಗೆಯಬೇಕು? ನನ್ನ ಮೈಯೆಲ್ಲ ಉರಿಯಿತು. ಕಣ್ಣ ಮುಂದೆ ಗಾಜಿನ ಬಾಗಿಲು, ಪ್ಲಾಸ್ಟಿಕ್ ಸ್ಟೂಲು, ಅದರ ಮೇಲೆ ನಮ್ಮ ಮನೆಯವರು ಕಂಡರು.

ಗುತ್ತಿಗೆದಾರರು ತಲೆ ಮೇಲೆ ಕೈ ಹೊತ್ತರು. ಇದನ್ನು ಯಾರು ಹಾಕಿದರು ಅಂತ ಮೇಡಮ್ ಕೇಳಿದರು. ಅತ್ತೆ ಒಂದು ಹೆಜ್ಜೆ ಮುಂದೆ ಬಂದು, ನಾನೇ ಅಂತ, ಪ್ರಶಸ್ತಿಗೆ ಹೆಸರು ಕೂಗಿಸಿಕೊಂಡವರ ಹಾಗೆ ಹೇಳಿದರು. ಕಾರಣವನ್ನೂ ಹೇಳಿದರು. ಎರಡನೆಯ ಕುರ್ಚಿಗೆ ಬೆಲ್ಲ ತುಸು ಕಡಿಮೆ ಬಿತ್ತು, ಅದಕ್ಕೆ ಬೇಜಾರಿದೆ ಅಂತಲೂ ಸೇರಿಸಿದರು. ಮೇಡಮ್ ನಗುವುದೋ ಸಿಟ್ಟಾಗುವುದೋ ತಿಳಿಯದೆ ತುಟಿ ಕಚ್ಚಿಕೊಂಡರು. ಆಮೇಲೆ ನಮ್ಮ ಮನೆಯವರ ಕಡೆ ತಿರುಗಿ, ಕೆಲಸ ಚೆನ್ನಾಗಿದೆ, ಆದರೆ ಹೀಗಾದರೆ ಉಳಿದ ಕುರ್ಚಿಗಳನ್ನು ಕೊಡುವುದು ಹೇಗೆ, ಮುಂದೆ ಒಂದು ಕುರ್ಚಿಯಲ್ಲೂ ಏನೂ ಇರುವುದಿಲ್ಲ ಅಂತ ಮಾತು ಕೊಡುತ್ತೀರಾ ಅಂದರು.

ಎಲ್ಲದಕ್ಕೂ ‘ಹೌದ್ರಿ’ ಅನ್ನುವ ಮನುಷ್ಯ ಆಗ ಹೌದು ಅನ್ನಲಿಲ್ಲ. ತಾಯಿಯ ಮುಖ ನೋಡಿದರು.

“ಅವ್ವಾ, ಈ ಕೆಲಸ ಹೋದ್ರ ನಾ ಅಂಗಡಿ ಮುಚ್ಚತೀನಿ. ಲಿಂಗಸೂರಾಗ ಮಂದಿ ಬಾಗಿಲ ಕಾಯಾಕ ಹೊಂಟೀನಿ. ಅಣ್ಣ ಎಲ್ಲಾ ಮಾತಾಡ್ಯಾನ. ನಿನಗ ಹೇಳಿರಲಿಲ್ಲ.”

ಅತ್ತೆ ಅಳುತ್ತಾರೆ ಅಂದುಕೊಂಡೆ. ಅಳಲಿಲ್ಲ. ಬಿಚ್ಚಿದ ಕುರ್ಚಿಯನ್ನು, ನನ್ನ ಕೈಯಲ್ಲಿದ್ದ ಗಂಟನ್ನು, ಮಗನನ್ನು ನೋಡಿದರು. ಸೆರಗಿನಿಂದ ಮೂಗು ಒರೆಸಿಕೊಂಡು, ಹಾಕೂದಿಲ್ರಿ ಅಂದರು. ಅಷ್ಟು ಸಣ್ಣ ದನಿಯನ್ನು ಆಕೆಯ ಬಾಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ. ಗೆದ್ದೆ ಅಂತ ನನಗೆ ಅನಿಸಬೇಕಿತ್ತು. ಕೈಯಲ್ಲಿದ್ದ ಗಂಟನ್ನು ಆಕೆಗೆ ಕಾಣದಂತೆ ಬೆನ್ನ ಹಿಂದೆ ಹಿಡಿದೆ.

ಆದರೆ ಆಕೆ ಅಲ್ಲಿಗೆ ಬಿಡುವವರಲ್ಲ. ದಾರಿಗೆಂದು ತಂದಿದ್ದ ಬುತ್ತಿಯ ಗಂಟು ಬಿಚ್ಚಿದರು. ಕುರ್ಚಿ ಕಾಯುವವಳು ಉಂಡರೆ ಕುರ್ಚಿಯೂ ಉಂಡ ಹಾಗೆ, ನೀನಾದರೂ ತಿನ್ನವಾ ಅಂತ ಒಂದು ಶೇಂಗಾ ಹೋಳಿಗೆಯನ್ನು ಮೇಡಮ್ಮಿನ ಕಪ್ಪು ಕೋಟಿನ ಮುಂದೆ ಹಿಡಿದರು. ನಾನು ನಾಚಿಕೆಯಿಂದ ನೆಲ ನೋಡಿದೆ. ಹೊರಗೆ ಅಷ್ಟೊಂದು ಹರವಿಟ್ಟಿರುವಾಗ ಇವರಿಗೆ ನಮ್ಮ ಹೋಳಿಗೆ ಯಾಕೆ ಅಂತ.

ಮೇಡಮ್ ಬಾಗಿಲ ಕಡೆ ಒಮ್ಮೆ ನೋಡಿದರು.

“ಹೊರಗಿರೋದು ಪ್ಯಾಸೆಂಜರ್‌ಗಳಿಗೆ ಅಮ್ಮ. ನಾವು ಮುಟ್ಟೋ ಹಾಗಿಲ್ಲ. ಬೆಳಗ್ಗೆ ನಾಲ್ಕಕ್ಕೆ ಬಂದಿದ್ದೀನಿ, ಇನ್ನೂ ಏನೂ ತಿಂದಿಲ್ಲ.”

ಅತ್ತೆ ಆಕೆಯನ್ನು ಮೇಲಿಂದ ಕೆಳಗೆ ನೋಡಿದರು. “ಇಷ್ಟು ಅನ್ನದ ನಡುವ ಹಸಕೊಂಡು ನಿಂತೀ ಏನವಾ?”

ಅತ್ತೆ ಬಿಚ್ಚದೆ ಉಳಿದ ಎರಡನೆಯ ಕುರ್ಚಿಯನ್ನು ಕೊಡವಿ, ಇರುವೆ ಇಲ್ಲದ ಕಡೆ ನೋಡಿ, ಮೇಡಮ್ಮನ್ನು ಕೈಹಿಡಿದು ಕೂಡಿಸಿದರು. ಆಕೆ ಎತ್ತರದ ಚಪ್ಪಲಿ ಬಿಚ್ಚಿ, ಕಾಲು ಮಡಚಿ, ಎರಡು ಹೋಳಿಗೆ ತಿಂದು, ರೊಟ್ಟಿಗೂ ಕೈಹಾಕಿದಳು. ನಾನು ನಂಜಿಕೊಳ್ಳಲು ಶೇಂಗಾ ಹಿಂಡಿಯ ಡಬ್ಬಿಯ ಮುಚ್ಚಳ ತೆಗೆದುಕೊಟ್ಟೆ. ಮನೆಯವರೂ ಗುತ್ತಿಗೆದಾರರೂ ಮದುವೆಮನೆಯ ಗಂಡಸರ ಹಾಗೆ ಬಾಗಿಲಿಗೆ ಅಡ್ಡ ನಿಂತು ಯಾರೂ ಬಾರದಂತೆ ನೋಡಿಕೊಂಡರು.

ಕುರ್ಚಿಗಳು ನಮಗೇ ಬಂದವು. ಈಗಲೂ ಬರುತ್ತಿವೆ. ಮಷೀನು ಅಂಗಡಿಯಲ್ಲೇ ಇದೆ, ಭಾವ ಬೇರೆ ಯಾರಿಗೋ ಸಲಹೆ ಕೊಡುತ್ತಿದ್ದಾರೆ. ಅತ್ತೆ ಕೊಟ್ಟ ಮಾತಿಗೆ ತಪ್ಪಿಲ್ಲ, ಅಡಿಯ ಬಟ್ಟೆಯನ್ನು ಬರೀ ಹೊಲಿಯುತ್ತಾರೆ. ಲಾರಿ ಹೊರಡುವ ದಿನ ಮಾತ್ರ ಮಸ್ಕಿಯಿಂದ ಆಕೆ ಒಂದು ಹೋಳಿಗೆ ಡಬ್ಬಿ ತರುತ್ತಾರೆ. ಡ್ರೈವರ್ ತಪ್ಪು ತಿಳಿಯಬಾರದು ಅಂತ ಅದರ ಮೇಲೆ ಆಕೆ ನನ್ನ ಕೈಯಿಂದಲೇ ಬರೆಸುತ್ತಾರೆ: ಕುರ್ಚಿಗಲ್ಲ, ಆ ಹುಡುಗಿಗೆ.