ಪೆಟ್ರೋಲ್ ಮುಚ್ಚಳದ ಕುಂಕುಮ

ಇವತ್ತು ಬೆಳಿಗ್ಗೆ ನಮ್ಮ ಓಣಿ ತುಂಬ ಪೆಟ್ರೋಲ್ ವಾಸನೆ. ಪಕ್ಕದ ಮನೆಯ ಕಾಕಾನ ಕಾರನ್ನು ಮೆಕ್ಯಾನಿಕ್ ರಿಪೇರಿ ಮಾಡಿ ತಂದು ನಿಲ್ಲಿಸಿದ್ದ. ಕಾಕಾ ತೀರಿಕೊಂಡ ಮೇಲೂ ಅದು ಶೆಡ್ಡಿನಲ್ಲೇ ಬಿದ್ದಿತ್ತು, ಮಗಳು ಈಗ ಮಾರುತ್ತಿದ್ದಾಳೆ. ಮಾರಲಿ, ಅವಳ ಕಾರು. ಆದರೆ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಅಂದಿನ ಮಹಾಗಾಂವ ಕ್ರಾಸಿನ ಬಿಸಿಲಲ್ಲಿ ನಿಂತುಬಿಟ್ಟೆ...

ಕೆಂಪು ಬಣ್ಣದ, ಎರಡೇ ಸೀಟಿನ ಹಳೇ ಸ್ಪೋರ್ಟ್ಸ್ ಕಾರು ಅದು. ಮದುವೆಯಾದ ಹೊಸದರಲ್ಲಿ ಕಾಕಾ ತಮ್ಮ ಹೆಂಡತಿಯನ್ನು, ಅಂದರೆ ನಮ್ಮ ಕಾಕೂನನ್ನು, ತವರುಮನೆ ಕಮಲಾಪುರದಿಂದ ಕಲಬುರಗಿಗೆ ಕರೆತಂದಿದ್ದು ಅದರಲ್ಲೇ. ಓಣಿಯವರು ಅದನ್ನು ಕಾಕೂನ ಸವತಿ ಅನ್ನುತ್ತಿದ್ದರು. ಕಾಕು ನಗುತ್ತಿದ್ದರು. ಪ್ರತಿ ದಸರಾಕ್ಕೆ ಆ ಸವತಿಗೆ ಪೂಜೆ ಮಾಡುವವರೂ ಅವರೇ.

ಕಾಕೂನ ಕಾಯಿಲೆ ಬಲಿತು, ಆ ವರ್ಷ ಡಾಕ್ಟರು ಕೈಬಿಟ್ಟಿದ್ದರು. ಆದರೂ ದಸರಾ ದಿನ ಕಾಕು ಕುರ್ಚಿ ಹಾಕಿಸಿಕೊಂಡು ಕೂತು ಕಾರಿಗೆ ಗಂಧ, ಕುಂಕುಮ ಹಚ್ಚಿದರು. ಆಮೇಲೆ ಅವರಣ್ಣ ಬಂದು ಕಮಲಾಪುರಕ್ಕೆ ಕರೆದೊಯ್ದರು. ಕೆಲವೇ ದಿನಕ್ಕೆ ಅಲ್ಲಿಂದ ಅಣ್ಣನ ಫೋನು. ಜೀವ ಇನ್ನು ಬಹಳ ಹೊತ್ತಿಲ್ಲ, ಆದರೆ ತನ್ನ ಮನೆಗೇ ಹೋಗಬೇಕು, ಅದೂ ಆ ಕಾರಿನಲ್ಲೇ ಹೋಗಬೇಕು ಅಂತ ಕಾಕು ಹಟ ಹಿಡಿದಿದ್ದಾರಂತೆ.

ಕಾಕಾ ನನ್ನನ್ನೂ ಹತ್ತಿಸಿಕೊಂಡರು. ಬರುವಾಗ ನೀ ಬಸ್ಸಿಗೆ ಬಾ, ನಿನ್ನ ಸೀಟು ನಿಮ್ಮ ಕಾಕೂಂದು ಅಂದರು.

ಕಪನೂರ ದಾಟಿದ್ದೇ ಕಾರು ಜಗ್ಗಿ ಜಗ್ಗಿ ನಿಂತಿತು. ಸ್ವಲ್ಪ ಹೊತ್ತು ಬಿಟ್ಟರೆ ಸ್ಟಾರ್ಟ್ ಆಗುವುದು, ಒಂದಿಷ್ಟು ದೂರ ಹೋಗಿ ಮತ್ತೆ ನಿಲ್ಲುವುದು. ಮಹಾಗಾಂವ ಕ್ರಾಸಿನಲ್ಲಿ ಕಾಕಾ ಬಾನೆಟ್ ಎತ್ತಿದರು. ಇಂಜಿನ್ನಿಗೆ ಪೆಟ್ರೋಲೇ ಬರುತ್ತಿರಲಿಲ್ಲ. ಫಿಲ್ಟರ್ ಬಿಚ್ಚಿದರು, ಸ್ವಚ್ಛ ಇತ್ತು. ಕಾರ್ಬೊರೇಟರ್ ಬಿಚ್ಚಿ ಊದಿದರು, ಕಸ ಇಲ್ಲ. ಬಿಸಿಲಿಗೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿರಬೇಕು ಅಂತ ಟವೆಲ್ ಒದ್ದೆ ಮಾಡಿ ಪಂಪಿಗೆ ಸುತ್ತಿದರು. ಕುಡಿಯುವ ನೀರೆಲ್ಲ ಅದಕ್ಕೇ ಹೋಯಿತು. ಅವಸರಕ್ಕೆ ಸ್ಕ್ರೂ ಬಿತ್ತು, ಇಬ್ಬರೂ ಮಣ್ಣಿನಲ್ಲಿ ತಡಕಾಡಿದೆವು.

ಒಬ್ಬ ಟೆಂಪೊದವ ತಾನಾಗೇ ನಿಲ್ಲಿಸಿದ.

"ಕಾಕಾ, ಹತ್ರಿ. ಕಾರ್ ಆಮ್ಯಾಲ ನೋಡೋಣು," ಅಂದೆ.

"ಆಕಿ ಕಾರ್ ಕೇಳ್ಯಾಳ. ಬರೀ ಕೈಲೆ ಹ್ಯಾಂಗ ಹೋಗಲಿ?"

ಟೆಂಪೊ ಹೋಯಿತು.

ಕೊನೆಗೆ ಟ್ಯಾಂಕನ್ನಾದರೂ ನೋಡೋಣ ಎಂದು ಕಾರಿನ ಹಿಂದೆ ಹೋಗಿ ಅದರ ಮುಚ್ಚಳ ತಿರುಗಿಸಿದರು. ಟ್ಯಾಂಕು ಸುಂಯ್ ಅಂತ ಗಾಳಿ ಒಳಗೆ ಎಳೆದುಕೊಂಡಿತು. ಆ ಸದ್ದಿಗೇ ಕಾಕಾನಿಗೆ ಎಲ್ಲ ತಿಳಿಯಿತು. ಮುಚ್ಚಳದಲ್ಲಿ ಗಾಳಿಯಾಡಲು ಸೂಜಿಯಷ್ಟು ತೂತು ಇರುತ್ತದೆ. ಅದು ಮುಚ್ಚಿದರೆ ಟ್ಯಾಂಕಿಗೆ ಉಸಿರು ಕಟ್ಟುತ್ತದೆ, ಪೆಟ್ರೋಲ್ ಬಿಡುವುದಿಲ್ಲ. ಸರಿಯಾಗಿ ಆ ತೂತಿನ ಮೇಲೇ ಕಾಕು ಗಂಧ ಮೆತ್ತಿ ಕುಂಕುಮ ಒತ್ತಿದ್ದರು. ಒಣಗಿ ಸಿಮೆಂಟಿನಂತಾಗಿತ್ತು. ಬೆರಳಿನ ಗುರುತು ಕೂಡ ಕಾಣುತ್ತಿತ್ತು...

ಕೆರೆದು ತೆಗೆಯಲು ನಾನು ಪಿನ್ನು ಚಾಚಿದೆ.

"ಬ್ಯಾಡ. ಆಕಿ ಬೆರಳದು."

ಮುಚ್ಚಳ ನನ್ನ ಕೈಗೆ ಕೊಟ್ಟು, ಟ್ಯಾಂಕಿನ ಬಾಯಿಗೆ ಕರ್ಚೀಫು ಕಟ್ಟಿ ಹೊರಟರು. ಕಾರು ಮತ್ತೆಲ್ಲೂ ನಿಲ್ಲಲಿಲ್ಲ. ಕಮಲಾಪುರದ ಮನೆ ಮುಂದೆ ಜನ ಸೇರಿದ್ದರು. ಹಾರ್ನಿಗೆ ಹೋದ ಕೈಯನ್ನು ಕಾಕಾ ಹಾಗೇ ಇಳಿಸಿದರು.

ಕಾಕೂನ ಅಣ್ಣ ಹತ್ತಿರ ಬಂದು ಇಷ್ಟೇ ಅಂದರು: "ಕಾರಿನ ಆವಾಜ್ ಬರತದಂತ ಕಡೀತನಕ ಬಾಗಿಲ ಕಡೆನೇ ಮಾರಿ ಮಾಡಿ ಮಲಗಿದ್ದಳು."

ಆ ಕಾರು ಮನೆಗೆ ಬಂದು ಶೆಡ್ಡು ಸೇರಿದ್ದು ಸೇರಿದ್ದೇ. ಕಾಕಾ ಮುಚ್ಚಳವನ್ನು ಮೊದಲಿನ ಜಾಗದಲ್ಲೇ ಹಾಕಿದರು. ಒರೆಸಲು ಯಾರಿಗೂ ಬಿಡಲಿಲ್ಲ. ಸಂಜೆ ಒಬ್ಬರೇ ಕಾರಿನ ಹಿಂದೆ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದರು...

ಇವತ್ತು ಕಾರಿನ ಹಿಂದಕ್ಕೆ ಹೋಗಿ ನೋಡಿದೆ. ಮುಚ್ಚಳ ಕನ್ನಡಿಯಂತೆ ಹೊಳೆಯುತ್ತಿತ್ತು.

"ತೂತಿನ್ಯಾಗ ಕೆಂಪಗ ಏನೋ ಗಟ್ಟಿ ಆಗಿತ್ರೀ. ಬ್ರಷ್ ಹಚ್ಚಿ ತಿಕ್ಕೀನಿ," ಅಂದ ಮೆಕ್ಯಾನಿಕ್, ಖುಷಿಯಿಂದ. "ಇನ್ನ ಗಾಡಿ ಎಲ್ಲೂ ನಿಲ್ಲಂಗಿಲ್ಲ."

ಛಲೋ ಆತು ಅಂದೆ. ಅವನಿಗೇನು ಗೊತ್ತು. ಮುಚ್ಚಳದ ಮೇಲೆ ಬೆರಳಾಡಿಸಿದೆ. ನುಣ್ಣಗಿತ್ತು, ಎಲ್ಲೂ ಏನೂ ತಡೆಯಲಿಲ್ಲ.