ಮೈದಾನದ ದಲಾಲ

ಎಪ್ಪತ್ತರ ದಶಕದಲ್ಲಿ ನಾನು ಸೊಲ್ಲಾಪುರದ ಗಿರಣಿಯೊಂದರ ತಂಡದಲ್ಲಿ ಪಗಾರಕ್ಕೆ ಫುಟ್ಬಾಲ್ ಆಡುತ್ತಿದ್ದೆ. ಅದಕ್ಕೂ ಮೊದಲು ಬೇರೆ ಮೂರು ತಂಡಗಳು ನನ್ನನ್ನು ಇಟ್ಟುಕೊಂಡು, ಯಾವ ದುಃಖವೂ ಇಲ್ಲದೆ ಬಿಟ್ಟುಕೊಟ್ಟಿದ್ದವು. ಅಪ್ಪನ ಜೊತೆ ಅಕ್ಕಲಕೋಟೆಗೆ ಕನ್ಯೆ ನೋಡಲು ಹೋದೆ. ಹುಡುಗಿಯ ತಂದೆ ಅಲ್ಲಿಯ ಪೇಟೆಯಲ್ಲಿ ಕಾಳಿನ ದಲಾಲರು. ಒಗ್ಗರಣೆ ಮಂಡಕ್ಕಿಯ ಸುಸಲಾ ತಟ್ಟೆ ಮುಂದಿಟ್ಟು ವಿಚಾರಣೆಗೆ ಕುಳಿತರು.

"ಗೋಲ್ ನೀವ ಹೊಡೀತೀರೇನ್ರಿ?"

"ಇಲ್ರಿ, ಮುಂದಿನವರು ಹೊಡೀತಾರ."

"ಮತ್ತ, ಗೋಲ್ ತಡೀತೀರೇನು?"

"ಅದಕ್ಕ ಹಿಂದ ಬ್ಯಾರೇದವ್ರು ಅದಾರ್ರಿ."

"ಹಂಗಾರ ನೀವ್ ಏನ್ ಮಾಡ್ತೀರಿ?"

"ನಡುವ ನಿಂತು, ಹಿಂದಿನವರ ಕಡಿಂದ ಚೆಂಡು ತಗೊಂಡು ಮುಂದಿನವರಿಗೆ ಕೊಡ್ತೀನ್ರಿ."

ಅಪ್ಪ ತಲೆ ತಗ್ಗಿಸಿದರು. ದಲಾಲರ ಮುಖ ಮಾತ್ರ ಅರಳಿತು. "ಅಂದ್ರ ದಲಾಲಿ! ಮೊದಲ ಹೇಳಬಾರದೇನ್ರಿ?" ಎಂದವರೇ ಲಗ್ನ ಗೊತ್ತುಮಾಡಿಬಿಟ್ಟರು.

ಮದುವೆಯ ಮರುವಾರವೇ ಮಾವ ಬಸ್ಸು ಹತ್ತಿ ನನ್ನ ಆಟ ನೋಡಲು ಬಂದರು. ಹೊಸ ಅಳಿಯನಿಗೆ ಒಂದು ಗೋಲಿನ ಆಸೆಯೂ ಇರಬಾರದೇ? ಮುಂದಿನವನು ಖಾಲಿ ನಿಂತು ಕೂಗುತ್ತಿದ್ದರೂ ಚೆಂಡು ಕೊಡದೆ ನಾನೇ ಒದ್ದೆ. ಅದು ಗೋಲಿನ ಮೇಲಿಂದ ಹಾರಿ, ಮೈದಾನದಾಚೆ ಶೇಂಗಾ ಮಾರುವವಳ ಬುಟ್ಟಿಗೆ ಬಿತ್ತು. ಆಟ ಮುಗಿದ ಮೇಲೆ ನಮ್ಮ ತರಬೇತುದಾರರು ಬಸ್ ಸ್ಟ್ಯಾಂಡಿನವರೆಗೂ ಬೆನ್ನುಹತ್ತಿ ಬೈದರು. ಮಾವ ಬೈಯಲಿಲ್ಲ. ಅದೇ ಬುಟ್ಟಿಯ ಶೇಂಗಾ ಸುಲಿಯುತ್ತ ಬಸ್ಸು ಹತ್ತಿ, ಕಿಟಕಿಯಿಂದ ಇಷ್ಟೇ ಹೇಳಿದರು:

"ಅಳಿಯಂದ್ರ, ದಲಾಲ ತಾನ ಅಂಗಡಿ ತಗದ್ರ ಹಿಂಗ ಆಗೂದು."