ಎಡಿಸನ್ನಿನಿಂದ ಕ್ವೀನ್ಸ್‌ಗೆ, ಉನ್ನೂರ್ ಜೊತೆ

ಅಕ್ಟೋಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ನಾವು ಮೂವರು ಎಡಿಸನ್ ಸ್ಟೇಷನ್ನಿನಿಂದ ಹೊರಟೆವು. ನಾನು, ನನ್ನ ತಂಗಿ ಶೋಭಾ, ಮತ್ತು ಅವಳ ಮನೆಯ ಮಹಡಿಯಲ್ಲಿ ಏಳು ತಿಂಗಳಿಂದ ಇದ್ದ ಐಸ್‌ಲೆಂಡಿನ ಫುಟ್‌ಬಾಲ್ ಆಟಗಾರ್ತಿ ಉನ್ನೂರ್. ನ್ಯೂಯಾರ್ಕಿಗೆ ಹೆಚ್ಚುಕಡಿಮೆ ಒಂದು ಗಂಟೆಯ ಪ್ರಯಾಣ, ಟಿಕೆಟ್ ತಲೆಗೆ ಹದಿನೇಳು ಡಾಲರ್ ಹತ್ತಿರ. ಬಿಸಿಲೇನೋ ಇತ್ತು, ಆದರೆ ಗಾಳಿಗೆ ಕಿವಿ ಮರಗಟ್ಟುತ್ತಿತ್ತು. ನಾನು ಸ್ವೆಟರ್ ಮೇಲೆ ಸ್ವೆಟರ್ ಹಾಕಿ ತಲೆಗೆ ಮಫ್ಲರ್ ಸುತ್ತಿಕೊಂಡಿದ್ದೆ. ಉನ್ನೂರ್ ಬರೀ ಟೀ ಶರ್ಟಿನಲ್ಲಿ ನಿಂತು ಬಾಳೆಹಣ್ಣು ತಿನ್ನುತ್ತಿದ್ದಳು. "ನಮ್ಮೂರಲ್ಲಿ ಜುಲೈ ಹೀಗೇ ಇರುತ್ತೆ" ಎಂದಳು.

ನನ್ನ ಬಗ್ಗೆ ಎರಡು ಮಾತು ಹೇಳದಿದ್ದರೆ ಈ ಪ್ರಯಾಣದ ಉತ್ಸಾಹ ಅರ್ಥವಾಗುವುದಿಲ್ಲ. ನಾನು ಬೆಂಗಳೂರಿನ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಿ.ಟಿ. ಟೀಚರ್ ಆಗಿದ್ದವಳು. ಬೆಳೆದದ್ದು ಅದೇ ಊರಿನ ಆಸ್ಟಿನ್ ಟೌನಿನಲ್ಲಿ, ಫುಟ್‌ಬಾಲ್ ಮೈದಾನದ ಪಕ್ಕದ ಬೀದಿಯಲ್ಲಿ. ಆ ಬೀದಿಯಲ್ಲಿ ಮಕ್ಕಳು ನಡೆಯುವುದಕ್ಕೆ ಮೊದಲು ಒದೆಯುವುದನ್ನು ಕಲಿಯುತ್ತಿದ್ದರು. ಅಮೆರಿಕಕ್ಕೆ ಬಂದರೆ ಎಲ್ಲರೂ ನಯಾಗರಾ ತೋರಿಸುತ್ತೇನೆ ಎನ್ನುತ್ತಾರೆ. ನನಗೆ ಮಾತ್ರ ತಂಗಿಯ ಮನೆ ಬಾಗಿಲು ತೆರೆದ ಕೂಡಲೇ ಚಪ್ಪಲಿ ಸ್ಟ್ಯಾಂಡಿನಲ್ಲಿ ಮೂರು ಜೊತೆ ಫುಟ್‌ಬಾಲ್ ಬೂಟು ಕಂಡವು. ಇನ್ನು ನಯಾಗರಾ ಯಾರಿಗೆ ಬೇಕು.

ಇಲ್ಲಿನ ಚಿಕ್ಕ ಕ್ಲಬ್ಬುಗಳಲ್ಲಿ ಒಂದು ಪದ್ಧತಿಯಿದೆ. ಆಟಗಾರರಿಗೆ ಬಾಡಿಗೆ ಮನೆ ಹಿಡಿದುಕೊಡುವಷ್ಟು ಹಣ ಅವುಗಳಿಗೆ ಇರುವುದಿಲ್ಲ. ಊರಿನ ಯಾವುದಾದರೂ ಮನೆಯವರು ಆಟಗಾರರನ್ನು ಒಂದು ಸೀಸನ್ ಮಟ್ಟಿಗೆ ಇಟ್ಟುಕೊಳ್ಳುತ್ತಾರೆ. ಹೋಸ್ಟ್ ಫ್ಯಾಮಿಲಿ ಅಂತ ಕರೆಯುತ್ತಾರೆ. ಶೋಭಾಳ ಮಗಳು ಬಾಸ್ಟನ್ನಿಗೆ ಓದಲು ಹೋಗಿ ರೂಮು ಖಾಲಿಯಾಗಿತ್ತು. ಆಫೀಸಿನ ಗೆಳತಿಯೊಬ್ಬಳು ಕೇಳಿದ್ದೇ ತಡ, ಇವಳು ಒಪ್ಪಿಬಿಟ್ಟಳು. ಒಂದೇ ಷರತ್ತು: ಅಡುಗೆಮನೆಗೆ ಮೀನು ತರಕೂಡದು. ಮೀನು ಹಿಡಿಯುವವನ ಮಗಳಿಗೆ ಈ ಷರತ್ತು. ಹಿತ್ತಲಲ್ಲಿ ಒಂದು ಗ್ರಿಲ್ ಇಟ್ಟುಕೊಟ್ಟು ರಾಜಿ ಮಾಡಿಕೊಂಡರು. ಉನ್ನೂರ್ ಕಲಿತ ಮೊದಲ ಕನ್ನಡ ಪದ "ಸಾಕು". ಅದನ್ನು ಎಷ್ಟು ಸ್ಪಷ್ಟವಾಗಿ ಹೇಳಿದರೂ ನನ್ನ ತಂಗಿಯ ಸೌಟು ನಿಲ್ಲುತ್ತಿರಲಿಲ್ಲ.

ರೈಲಿನಲ್ಲಿ ಕಿಟಕಿ ಪಕ್ಕ ಕೂತು ಅವಳು ತನ್ನ ಕಥೆ ಹೇಳಿದಳು. ಊರು ಐಸ್‌ಲೆಂಡಿನ ಉತ್ತರದ ಕಡಲತೀರದಲ್ಲಿದೆ. ಚಳಿಗಾಲದಲ್ಲಿ ಮಧ್ಯಾಹ್ನವೇ ಕತ್ತಲು. ಅದಕ್ಕೆ ಇಡೀ ಮೈದಾನಕ್ಕೇ ಸೂರು ಕಟ್ಟಿ, ಒಳಗೆ ದೀಪ ಹಾಕಿ, ಹುಡುಗರು ಹುಡುಗಿಯರು ಎಲ್ಲರೂ ಆಡುತ್ತಾರಂತೆ. ಹತ್ತೊಂಬತ್ತಕ್ಕೆ ನಾರ್ವೆಗೆ ಹೋದಳು. ಅಲ್ಲಿ ಬೆಳಿಗ್ಗೆ ಬೇಕರಿಯಲ್ಲಿ ಕೆಲಸ, ಸಂಜೆ ಆಟ. ಆಮೇಲೆ ಸ್ವೀಡನ್, ಅಲ್ಲಿಂದ ಇಟಲಿ. ಇಟಲಿಯಲ್ಲಿ ಒಂದು ಮ್ಯಾಚಿನಲ್ಲಿ ಎಡಗಾಲಿನ ಮಂಡಿಯ ಒಳಗಿನ ಲಿಗಮೆಂಟು ಹರಿದುಹೋಯಿತು. ಆಪರೇಷನ್ ಆಗಿ ಒಂದು ವರ್ಷ ಮೈದಾನಕ್ಕೆ ಇಳಿಯಲಿಲ್ಲ. ಆಮೇಲೆ ಕರೆದವರು ನ್ಯೂಜೆರ್ಸಿಯ ಈ ಚಿಕ್ಕ ಕ್ಲಬ್ಬಿನವರು ಮಾತ್ರ, ಅದೂ ಒಂದೇ ಸೀಸನ್ನಿಗೆ.

ಇವತ್ತು ಸೀಸನ್ನಿನ ಕೊನೆಯ ಮ್ಯಾಚು, ಕ್ವೀನ್ಸ್‌ನಲ್ಲಿ. ದಕ್ಷಿಣದ ಒಂದು ರಾಜ್ಯದ ದೊಡ್ಡ ಕ್ಲಬ್ಬಿನಿಂದ ಕೋಚ್ ಒಬ್ಬರು ಅವಳನ್ನೇ ನೋಡಲು ಬರುವವರಿದ್ದರು. ಅವರು ಬೇಡವೆಂದರೆ ಡಿಸೆಂಬರಿಗೆ ವೀಸಾ ಮುಗಿಯುತ್ತದೆ, ಊರಿಗೆ ವಾಪಸ್.

"ವಾಪಸ್ ಹೋಗಿ ಏನು ಮಾಡ್ತೀಯ?" ಎಂದು ಕೇಳಿದೆ.

"ಅಪ್ಪನ ದೋಣಿ ಲೆಕ್ಕ ಬರೀತೀನಿ ಅಕ್ಕ. ಇಪ್ಪತ್ತೆಂಟಕ್ಕೆ ಎರಡನೇ ಸಲ ಯಾರೂ ಕರೆಯಲ್ಲ." ಇಂಗ್ಲಿಷಿನಲ್ಲೇ ಹೇಳಿದಳು, ಆದರೆ ಶೋಭಾ ಕರೆಯುವುದನ್ನು ಕೇಳಿಕೇಳಿ ಅಕ್ಕ ಎಂಬುದೊಂದು ಮಾತ್ರ ಕನ್ನಡ. ಅವರ ದೇಶದಲ್ಲಿ ಟೀಚರನ್ನೂ ಹೆಸರು ಹಿಡಿದೇ ಕರೆಯುತ್ತಾರಂತೆ. ನನ್ನ ಸ್ಕೂಲಿನಲ್ಲಿ ಆಗಿದ್ದರೆ ಹತ್ತು ಸುತ್ತು ಓಡಿಸುತ್ತಿದ್ದೆ.

ಆಟಗಾರರು ಎರಡು ಗಂಟೆಗೆ ಮೈದಾನದಲ್ಲಿದ್ದರೆ ಸಾಕಿತ್ತು, ಮ್ಯಾಚು ನಾಲ್ಕಕ್ಕೆ. ಹೇಗೂ ಕ್ವೀನ್ಸ್‌ಗೆ ಹೋಗುತ್ತೇವಲ್ಲ, ಫ್ಲಶಿಂಗ್ ಗಣೇಶನ ದೇವಸ್ಥಾನಕ್ಕೂ ಹೋಗಿಬಿಡೋಣ ಎಂದು ಶೋಭಾ ವಾರದಿಂದ ಹೇಳುತ್ತಿದ್ದಳು. ಪೆನ್ ಸ್ಟೇಷನ್ನಿನಲ್ಲಿ ಇಳಿದು, ಜನರ ನಡುವೆ ನುಗ್ಗಿ, ಸಬ್‌ವೇ ಬದಲಾಯಿಸಿ ಏಳನೇ ನಂಬರಿನ ರೈಲು ಹಿಡಿದೆವು. ಕ್ವೀನ್ಸ್ ಬಂದ ಮೇಲೆ ರೈಲು ನೆಲದಡಿಯಿಂದ ಮೇಲೆದ್ದು ಮನೆಗಳ ಮಹಡಿಯ ಎತ್ತರಕ್ಕೆ ಓಡಿತು. ಬಟ್ಟೆ ಒಣಹಾಕಿದ ಬಾಲ್ಕನಿ, ಟೈರು ರಿಪೇರಿ ಅಂಗಡಿ, ಚೀನೀ ಅಕ್ಷರದ ಬೋರ್ಡುಗಳು ಒಂದೊಂದಾಗಿ ಹಿಂದೆ ಸರಿದವು. ಎರಡು ಪಾರ್ಕುಗಳಲ್ಲಿ ಹುಡುಗರು ಫುಟ್‌ಬಾಲ್ ಆಡುತ್ತಿದ್ದರು. ಉನ್ನೂರ್ ಮತ್ತು ನಾನು ಒಟ್ಟಿಗೇ ಕತ್ತು ತಿರುಗಿಸಿ ನೋಡಿದ್ದಕ್ಕೆ ಶೋಭಾ ನಕ್ಕಳು.

ಕೊನೆಯ ಸ್ಟೇಷನ್ನಿನಿಂದ ದೇವಸ್ಥಾನಕ್ಕೆ ಇಪ್ಪತ್ತು ನಿಮಿಷದ ನಡಿಗೆ. ಒಳಗೆ ಕರ್ಪೂರದ ವಾಸನೆ, ಕಲ್ಲು ನೆಲದ ತಂಪು. ಶೋಭಾ ಉನ್ನೂರ್ ಹೆಸರಿನಲ್ಲಿ ಅರ್ಚನೆ ಮಾಡಿಸಿದಳು. ಗೋತ್ರ ಕೇಳಿದಾಗ ಒಂದು ಕ್ಷಣವೂ ತಡವರಿಸದೆ ನಮ್ಮ ಅಪ್ಪನ ಗೋತ್ರವನ್ನೇ ಹೇಳಿದಳು. ಅರ್ಚಕರು ಕೆಂಪು ದಾರವೊಂದನ್ನು ಉನ್ನೂರ್ ಬಲಗೈಗೆ ಮೂರು ಸುತ್ತು ಸುತ್ತಿ ಬಿಗಿಯಾಗಿ ಗಂಟು ಹಾಕಿ, "ತಾನಾಗೇ ಬಿಚ್ಚಿಹೋಗೋವರೆಗೂ ತೆಗೀಬೇಡಮ್ಮ" ಎಂದರು. ಶೋಭಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಉನ್ನೂರ್ ಗಂಭೀರವಾಗಿ ತಲೆಯಾಡಿಸಿದಳು. ಕಡಲಿಗೆ ಹೋಗುವವರ ಮನೆಯಲ್ಲಿ ಇಂಥ ನಂಬಿಕೆಗಳಿಗೆ ಬರವಿಲ್ಲವಂತೆ. ನಾನು ಪಕ್ಕದಲ್ಲೇ ಕೈಮುಗಿದು ನಿಂತಿದ್ದೆ.

ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ಜನವೋ ಜನ. ತುಪ್ಪದ ದೋಸೆ ಕೊಡಿಸುತ್ತೇನೆಂದು ಶೋಭಾ ಹಟ ಹಿಡಿದಳು. ಮ್ಯಾಚಿಗೆ ಮುಂಚೆ ತುಪ್ಪವೇ ಎಂದು ನಾನು ಗದರಿ, ಎರಡು ಇಡ್ಲಿ, ಒಂದು ಬಟ್ಟಲು ಮೊಸರು ಎಂದು ತೀರ್ಪು ಕೊಟ್ಟೆ. ಉನ್ನೂರ್ ಮೊಸರನ್ನು ಬಟ್ಟಲಿನ ತಳ ಕೆರೆದು ತಿಂದಳು. ಅವರ ಊರಿನಲ್ಲೂ ಗಟ್ಟಿ ಮೊಸರಿನಂಥದ್ದು ಮೂರು ಹೊತ್ತೂ ಬೇಕಂತೆ. ದೋಸೆಗಳನ್ನು ನಾನೂ ಶೋಭಾಳೂ ತಿಂದೆವು, ಚೆನ್ನಾಗಿದ್ದವು.

ಮೈದಾನಕ್ಕೆ ಟ್ಯಾಕ್ಸಿಯಲ್ಲಿ ಹದಿನೈದು ನಿಮಿಷ. ಒಂದು ಕಾಲೇಜಿನ ಗ್ರೌಂಡು ಅದು, ಒಂದೇ ಬದಿಗೆ ಕಬ್ಬಿಣದ ಮೆಟ್ಟಿಲುಗಳು, ಆರೇಳುನೂರು ಜನ. ನಾವು ಮೊದಲ ಸಾಲಿನಲ್ಲಿ ಕೂತೆವು, ಗೆರೆಯಿಂದ ಹತ್ತು ಹೆಜ್ಜೆ ದೂರ. ನಮ್ಮಿಂದ ಸ್ವಲ್ಪ ಆಚೆ ನರೆಗೂದಲಿನ ಎತ್ತರದ ಹೆಂಗಸೊಬ್ಬರು ಕಾಫಿ ಹಿಡಿದು ಒಬ್ಬರೇ ಕೂತಿದ್ದರು. ಚೆಂಡಿನ ಕಡೆ ನೋಡದೆ ಬೆಂಚಿನ ಕಡೆ ನೋಡುತ್ತಿದ್ದರು. ಇವರೇ ಆ ಕೋಚ್ ಎಂದು ನನಗೆ ಗೊತ್ತಾಯಿತು.

ಉನ್ನೂರ್ ಬೆಂಚಿನಲ್ಲೇ ಇದ್ದಳು. ಮೊದಲರ್ಧ ಮುಗಿಯಿತು, ಒಂದು-ಒಂದು ಗೋಲು. ಇನ್ನು ಇಪ್ಪತ್ತೈದು ನಿಮಿಷ ಉಳಿದಿರುವಾಗ ಅವಳ ತಂಡದ ಕೋಚ್ ಕೈ ಮಾಡಿ ಕರೆದರು. ಉನ್ನೂರ್ ಜಾಕೆಟ್ ಕಳಚಿ ಗೆರೆಯ ಬಳಿ ಬಂದು ನಿಂತಳು. ಅಲ್ಲಿದ್ದ ಅಧಿಕಾರಿ ಅವಳ ಬೂಟು ನೋಡಿ, ಕಿವಿ ನೋಡಿ, ಕೈ ನೋಡಿ ತಲೆಯಲ್ಲಾಡಿಸಿದರು. ದಾರ ತೋರಿಸಿ ತೆಗೆ ಎಂದು ಸನ್ನೆ ಮಾಡಿದರು.

ಆಗ ನನಗೆ ಜ್ಞಾನೋದಯವಾಯಿತು. ಮೈದಾನಕ್ಕೆ ಇಳಿಯುವ ಹುಡುಗಿಯರ ಬಳೆ, ಓಲೆ, ದೇವರ ದಾರಗಳನ್ನೆಲ್ಲ ಮೂವತ್ತು ವರ್ಷ ಬೈದು ಬಿಚ್ಚಿಸಿದವಳು ನಾನು. ಇದು ಫುಟ್‌ಬಾಲಿನ ಕಾನೂನು. ಮಣಿಕಟ್ಟಿನ ಮೇಲೆ ಏನೂ ಇರಕೂಡದು. ಬೆಳಿಗ್ಗೆ ಕಣ್ಣೆದುರಿಗೇ ಗಂಟು ಬೀಳುತ್ತಿದ್ದಾಗ ಭಕ್ತಿಯಿಂದ ನಿಂತಿದ್ದೆನಲ್ಲ.

ಉನ್ನೂರ್ ತೆಗೆಯಲಿಲ್ಲ. ದಾರದ ಮೇಲೆ ಕೈಯಿಟ್ಟು ಅಧಿಕಾರಿಗೆ ಏನೋ ಹೇಳಿದಳು. ಅವರು ಮತ್ತೆ ಆಗದೆಂದು ತಲೆಯಾಡಿಸಿದರು. ಅವಳನ್ನು ಒಳಗೆ ಬಿಡಲಿಲ್ಲ, ಆಟ ಮುಂದುವರಿಯಿತು. ಒಂದು ನಿಮಿಷ ಹೋಯಿತು, ಎರಡು ಹೋಯಿತು. ಅವಳ ತಂಡದ ಕೋಚ್ ಕೂಗಾಡತೊಡಗಿದರು. ಉನ್ನೂರ್ ತಿರುಗಿ ನಮ್ಮ ಕಡೆ ನೋಡಿದಳು. ನನ್ನನ್ನಲ್ಲ, ಶೋಭಾಳನ್ನು.

"ತೆಗೆದ್ರೆ ಮಂಡಿಗೇನಾದ್ರೂ ಆಗುತ್ತೇನೋ ಅಕ್ಕ" ಎಂದು ಶೋಭಾ ನನ್ನ ತೋಳು ಹಿಡಿದಳು. ಅವಳ ಮುಖ ಬಿಳಿಚಿಕೊಂಡಿತ್ತು.

"ತೆಗೀದಿದ್ರೆ ಆಡೋದೇ ಇಲ್ಲ ಕಣೆ. ಅವಳು ನಿನ್ನ ಪರ್ಮಿಷನ್ ಕೇಳ್ತಿದಾಳೆ."

ಶೋಭಾ ಎದ್ದು ನಿಂತಳು. ಅಷ್ಟು ಜನರ ನಡುವೆ, ಆಸ್ಟಿನ್ ಟೌನಿನಲ್ಲಿ ಪಳಗಿದ ಗಂಟಲಿನಲ್ಲಿ, ಅಚ್ಚ ಕನ್ನಡದಲ್ಲೇ ಕೂಗಿದಳು: "ಕತ್ತರಿಸ್ಬಿಡೇ ಪುಟ್ಟಿ, ದೇವ್ರು ಏನೂ ಅಂದ್ಕೊಳ್ಳಲ್ಲ."

ಸುತ್ತಲಿನವರು ತಿರುಗಿ ನೋಡಿದರು. ಉನ್ನೂರ್‌ಗೆ ಎಷ್ಟು ಅರ್ಥವಾಯಿತೋ, ಧ್ವನಿಯಂತೂ ಅರ್ಥವಾಯಿತು. ತಂಡದ ಫಿಸಿಯೋ ಬ್ಯಾಂಡೇಜ್ ಕತ್ತರಿ ತಂದು ದಾರ ಕತ್ತರಿಸಿದಳು. ಮುಂದಿನ ಸಲ ಚೆಂಡು ಹೊರಗೆ ಹೋದಾಗ ಉನ್ನೂರ್ ಒಳಗೆ ಹೋದಳು.

ಆಮೇಲೆ ನೋಡಿದ ಆಟವನ್ನು ಹೇಗೆ ಹೇಳಲಿ. ಮನೆಯಲ್ಲಿ ತಟ್ಟೆ ತೊಳೆದಿಡುತ್ತಿದ್ದ ಸಾಧು ಹುಡುಗಿ ಎಲ್ಲಿ ಹೋದಳೋ. ಎಡಬದಿಯಲ್ಲಿ ಚೆಂಡು ಸಿಕ್ಕಿದ ಕೂಡಲೇ ತಲೆಯೆತ್ತುತ್ತಿದ್ದಳು. ಎದುರಿನವರು ಅವಳ ಕಾಲು ನೋಡುವಷ್ಟರಲ್ಲಿ ಚೆಂಡು ಬೇರೆ ಕಡೆ ಇರುತ್ತಿತ್ತು. ಧ್ವನಿವರ್ಧಕದವನು ಅಪ್ಪನ ಹೆಸರಿಗೆ ಮಗಳು ಎಂದು ಸೇರಿಸಿ ಅವರ ದೇಶದಲ್ಲಿ ಇಡುವ ಅವಳ ಉದ್ದದ ಹೆಸರನ್ನು ಮೂರು ಸಲ ಮೂರು ಥರ ಹೇಳಿದ. ಹತ್ತು ನಿಮಿಷ ಉಳಿದಿರುವಾಗ ಇಬ್ಬರ ನಡುವಿನ ಸಂದಿಯಲ್ಲಿ ಅವಳು ಕೊಟ್ಟ ಪಾಸು ಅಳೆದು ಕೊಟ್ಟಂತೆ ಗೆಳತಿಯ ಕಾಲಿಗೆ ಹೋಗಿ ಗೋಲಾಯಿತು. ಶೋಭಾ ನನ್ನನ್ನು ತಬ್ಬಿಕೊಂಡು ಕುಣಿದಳು. ನಾನೂ ಮಂಡಿನೋವು ಮರೆತು ಕುಣಿದೆ.

ಮುಗಿಯುವುದಕ್ಕೆ ಸ್ವಲ್ಪ ಮುಂಚೆ ಒಂದು ಚೆಂಡು ನಡುವೆ ಬಿತ್ತು. ಅದು ಯಾರದೂ ಅಲ್ಲ, ಮೊದಲು ಕಾಲಿಟ್ಟವರದು. ಎದುರು ತಂಡದ ದಪ್ಪ ಹುಡುಗಿ ನುಗ್ಗಿ ಬಂದಳು. ಉನ್ನೂರ್ ಮುಂದಿಟ್ಟ, ಆಪರೇಷನ್ ಆದ ಎಡಗಾಲನ್ನು ಹಿಂದಕ್ಕೆ ಎಳೆದುಕೊಂಡಳು. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಯಾರೂ ಗಮನಿಸಲಿಲ್ಲ, ಶೋಭಾ ಚಪ್ಪಾಳೆ ತಟ್ಟುತ್ತಲೇ ಇದ್ದಳು. ನಾನು ಮಾತ್ರ ನೋಡಿದೆ. ಪಕ್ಕಕ್ಕೆ ಕಣ್ಣು ಹಾಯಿಸಿದರೆ ನರೆಗೂದಲಿನ ಹೆಂಗಸು ಮುಂದಕ್ಕೆ ಬಾಗಿ ಕೂತಿದ್ದರು. ಉನ್ನೂರ್ ತಂಡ ಎರಡು-ಒಂದರಲ್ಲಿ ಗೆದ್ದಿತು. ಆಕೆ ಕಾಫಿ ಲೋಟವನ್ನು ಬುಟ್ಟಿಗೆ ಹಾಕಿ, ಯಾರ ಹತ್ತಿರವೂ ಮಾತಾಡದೆ ಹೊರಟುಹೋದರು.

ವಾಪಸು ದಾರಿಯಲ್ಲಿ ಶೋಭಾಳ ಬಾಯಿ ನಿಲ್ಲಲಿಲ್ಲ. ಪೆನ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಕೂತಾಗ ಉನ್ನೂರ್ ನನ್ನ ಕಡೆ ತಿರುಗಿದಳು. "ಎಲ್ಲರೂ ಚೆನ್ನಾಗಿ ಆಡಿದೆ ಅಂತಾರೆ. ನೀವು ಟೀಚರ್, ನಿಜ ಹೇಳಿ ಅಕ್ಕ."

ಸುಳ್ಳು ಹೇಳಬಹುದಿತ್ತು. ಆದರೆ ಆಟದ ವಿಷಯದಲ್ಲಿ ನನಗೆ ಸುಳ್ಳು ಹೇಳಲು ಬರುವುದಿಲ್ಲ. "ಅಷ್ಟು ಒಳ್ಳೆ ಆಟವನ್ನ ನಾನು ಇಷ್ಟು ಹತ್ತಿರದಿಂದ ನೋಡೇ ಇಲ್ಲ. ಆದರೆ ಆ ಒಂದು ಚೆಂಡಿಗೆ ಎಡಗಾಲು ಹಿಂದಕ್ಕೆ ತಗೊಂಡೆ" ಎಂದೆ.

ಅವಳ ಮುಖ ಇಳಿಯಿತು. "ನೀವು ನೋಡಿದ್ರೆ ಅವರೂ ನೋಡಿರ್ತಾರೆ."

"ಸ್ವಲ್ಪ ಬಾಯಿ ಮುಚ್ಕೊಂಡಿರಕ್ಕಾಗಲ್ವಾ ಅಕ್ಕ ನಿಂಗೆ" ಎಂದು ಶೋಭಾ ಸಿಡುಕಿದಳು. ನನಗೂ ಹಾಗೇ ಅನ್ನಿಸಿತು. ರೈಲು ಹಡ್ಸನ್ ನದಿಯ ಅಡಿಯ ಸುರಂಗಕ್ಕೆ ಇಳಿಯಿತು.

ಸುರಂಗ ದಾಟಿ ಹೊರಗೆ ಬಂದು, ಸೀಕಾಕಸ್ ಸ್ಟೇಷನ್ನಿನ ಹತ್ತಿರ ಗೋಡೌನುಗಳ ದೀಪದ ಸಾಲು ಕಾಣಿಸಿದಾಗ ಉನ್ನೂರ್ ಫೋನಿಗೆ ಸಿಗ್ನಲ್ ಬಂತು. ಗೊತ್ತಿಲ್ಲದ ನಂಬರಿನಿಂದ ಎರಡು ಕಾಲ್ ಬಂದಿದ್ದವು. ಅವಳು ಎದ್ದು ಬಾಗಿಲ ಬಳಿ ಹೋಗಿ ವಾಪಸ್ ಮಾಡಿದಳು. ಗಾಜಿನಾಚೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ರೈಲು ನಿಂತಿತು, ಜನ ಇಳಿದರು, ಹತ್ತಿದರು, ಮತ್ತೆ ಹೊರಟಿತು. ಶೋಭಾ ನನ್ನ ಕೈ ಹಿಡಿದದ್ದು ಬಿಡಲಿಲ್ಲ, ಸಿಟ್ಟೂ ಬಿಟ್ಟಿರಲಿಲ್ಲ.

ಉನ್ನೂರ್ ಬಂದು ಎದುರಿಗೆ ಕೂತಳು.

"ಆ ಕಾಲಿನ ವಿಷಯವೇ ಮೊದಲು ಎತ್ತಿದರು."

"ಮತ್ತೆ?" ಎಂದೆ.

"ಅದನ್ನ ಸರಿಮಾಡೋದಕ್ಕೆ ತಮ್ಮ ಹತ್ರ ಜನ ಇದಾರಂತೆ. ಜನವರಿಯಿಂದ, ಎರಡು ವರ್ಷಕ್ಕೆ." ನನ್ನನ್ನೇ ನೋಡಿ ಹೇಳಿದಳು: "ನೋಡಿದಾರೆ ಅಕ್ಕ. ನೋಡಿಯೇ ಕರೆದಿದಾರೆ."

ನನ್ನ ಕಣ್ಣಿಂದ ನೀರು ಸುರಿಯಿತು, ಶೋಭಾ ಆಗಲೇ ಬಿಕ್ಕುತ್ತಿದ್ದಳು, ಉನ್ನೂರ್ ನಗುತ್ತಲೇ ಅಳುತ್ತಿದ್ದಳು. ಟಿಕೆಟ್ ನೋಡಲು ಬಂದ ಕಂಡಕ್ಟರ್ ಗಾಬರಿಯಾಗಿ, ಏನಾದರೂ ತೊಂದರೆಯೇ ಎಂದು ಕೇಳಿದ. "ಟೂ ಇಯರ್ಸ್" ಎಂದಳು ಶೋಭಾ, ಎರಡು ಬೆರಳು ಎತ್ತಿ ಹಿಡಿದು. ಆತ ನಮ್ಮ ಮೂರು ಮುಖಗಳನ್ನೂ ಒಮ್ಮೆ ನೋಡಿದ. ಏನೆಂದು ಗೊತ್ತಾಗದಿದ್ದರೂ ಟೋಪಿ ತೆಗೆದು ಕಂಗ್ರಾಜುಲೇಷನ್ಸ್ ಹೇಳಿ, ಟಿಕೆಟ್ ಕೇಳದೆ ಮುಂದಿನ ಬೋಗಿಗೆ ಹೋದ.